ಹಾವಿನ ಔಷಧಿ ಪರೀಕ್ಷೆ: ಇಲಿಗೆ ನೋವಾಗಲ್ವಾ?

ಪ್ರಶ್ನೆ: ನಮ್ಮದು ಚಳ್ಳಕೆರೆ ಹತ್ತಿರದ ಹಳ್ಳಿ. ಹೋದ ವರ್ಷ ಶೇಂಗಾ ಕೀಳುವಾಗ ಅಣ್ಣನಿಗೆ ಕೊಳಕು ಮಂಡಲ ಕಚ್ಚಿತ್ತು. ಚಿತ್ರದುರ್ಗದಲ್ಲಿ 10 ಬಾಟಲಿ ಆಂಟಿವೆನಂ (ಹಾವಿನ ವಿಷ ತಡೆಯುವ ಔಷಧಿ) ಕೊಟ್ಟರು, ಉಳಿದುಕೊಂಡ. ಆ ಔಷಧಿಯನ್ನು ಇಲಿಗಳ ಮೇಲೆ ಪರೀಕ್ಷೆ ಮಾಡುತ್ತಾರೆ ಅಂತ ತಿಳಿದಾಗಿನಿಂದ ಮಗಳು ಒಂದೇ ಸಮನೆ ಕೇಳುತ್ತಿದ್ದಾಳೆ, ಇಲಿಗೆ ನೋವಾಗಲ್ವಾ ಅಂತ. ಬೇರೆ ದಾರಿ ಇಲ್ವಾ?

ಉತ್ತರ: ನೋವಾಗುತ್ತದೆ. ಮಗಳಿಗೆ ಇದನ್ನು ಮುಚ್ಚಿಡಬೇಡಿ.

ಪರೀಕ್ಷೆ ನಡೆಯೋದು ಹೀಗೆ. ವಿಷಕ್ಕೆ ಔಷಧಿ ಬೆರೆಸಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡುತ್ತಾರೆ. ಆಮೇಲೆ 18–20 ಗ್ರಾಂ ತೂಕದ ಪುಟ್ಟ ಇಲಿಗಳಿಗೆ ಚುಚ್ಚುತ್ತಾರೆ, ಒಂದೊಂದು ಗುಂಪಿಗೆ ಔಷಧಿಯ ಒಂದೊಂದು ಪ್ರಮಾಣ. ಅರ್ಧದಷ್ಟು ಇಲಿಗಳು ಬದುಕಲು ಎಷ್ಟು ಔಷಧಿ ಬೇಕು ಅನ್ನೋದೇ ಲೆಕ್ಕ. ನಿಮ್ಮ ಅಣ್ಣನ 10 ಬಾಟಲಿಯ ಹಿಂದೆ ಇರೋದೂ ಇಂಥ ಲೆಕ್ಕವೇ. ನಮ್ಮ ದೇಶದ ನಿಯಮದ ಪ್ರಕಾರ 1 ಮಿಲಿ ಔಷಧಿ ಕೊಳಕು ಮಂಡಲದ 0.6 ಮಿಲಿಗ್ರಾಂ ವಿಷವನ್ನು ತಡೆಯಬೇಕು, ಅಂದರೆ 10 ಮಿಲಿ ಬಾಟಲಿಗೆ 6 ಮಿಲಿಗ್ರಾಂ, ಹತ್ತು ಬಾಟಲಿಗೆ 60. ಆ ಹಾವು ಒಂದು ಸಲ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ ಅಂತ ಅಂದಾಜು. ಬಾಟಲಿಯ ಶಕ್ತಿ ತಪ್ಪಾಗಿ ಅಳೆದಿದ್ದರೆ ವೈದ್ಯರ ಲೆಕ್ಕ ಅಲ್ಲೇ ಕೆಡುತ್ತಿತ್ತು.

ಹಾಗಂತ ಇಲಿ ಒದ್ದಾಡಿಯೇ ಸಾಯಬೇಕು ಅಂತ ಎಲ್ಲೂ ಇಲ್ಲ. ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ವಿಷ ಚುಚ್ಚುವ ಮೊದಲೇ ನೋವು ನಿವಾರಕ ಕೊಡಬಹುದು, ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಫಲಿತಾಂಶ ಕೆಡುತ್ತದೆ ಅನ್ನೋ ಭಯ ಹಿಂದಿನಿಂದ ಇತ್ತು, ಆದರೆ ಮಾರ್ಫಿನ್, ಟ್ರಮಡಾಲ್ ಎಂಬ ನೋವು ನಿವಾರಕ ಕೊಟ್ಟು ಕೆಲವು ಹಾವುಗಳ ವಿಷದಲ್ಲಿ ನೋಡಿದಾಗ ಲೆಕ್ಕ ಹೆಚ್ಚುಕಮ್ಮಿ ಹಾಗೇ ಬಂದಿದೆ. ಬೇರೆ ವಿಷಕ್ಕೆ ಬಳಸುವ ಮೊದಲು ಒಮ್ಮೆ ಹೋಲಿಸಿ ನೋಡಿಕೊಂಡರೆ ಆಯಿತು. ಇನ್ನೊಂದು, ಉಳಿಯುವುದಿಲ್ಲ ಅನ್ನೋ ಗುರುತು ಕಂಡ ಇಲಿಯನ್ನು ಕೊನೆಯವರೆಗೂ ಸುಮ್ನೆ ನೋಡುತ್ತಾ ಕೂರಬೇಕಿಲ್ಲ. ಆಗಲೇ ನೋವಿಲ್ಲದ ಸಾವು ಕೊಡಬಹುದು. ಎರಡಕ್ಕೂ ಜಾಸ್ತಿ ಖರ್ಚಿಲ್ಲ.

ಇಲಿಯೇ ಬೇಡ ಅನ್ನಬಹುದಾ? ಪೂರ್ತಿಯಾಗಿ ಇನ್ನೂ ಆಗಿಲ್ಲ. ಕೊಳಕು ಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟಿಸುವ ಗುಣವಿದೆ, ಗಾಜಿನ ಕೊಳವೆಯಲ್ಲಿ ಪ್ಲಾಸ್ಮಾಗೆ (ರಕ್ತದ ದ್ರವ ಭಾಗ) ಒಂಚೂರು ಹಾಕಿದರೆ ಕಣ್ಣೆದುರೇ ಗಟ್ಟಿಯಾಗುತ್ತದೆ, ಔಷಧಿ ಬೆರೆಸಿದ ಮೇಲೆ ಗಟ್ಟಿಯಾಗುವುದು ನಿಂತರೆ ಅಷ್ಟರಮಟ್ಟಿಗೆ ಔಷಧಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಆದರೆ ವಿಷ ಅನ್ನೋದು ಒಂದೇ ವಸ್ತು ಅಲ್ಲ, ಹತ್ತಾರು ಪ್ರೋಟೀನುಗಳ ಮಿಶ್ರಣ. ನಾಗರಹಾವು, ಕಟ್ಟು ಹಾವಿನ ವಿಷ ನರಕ್ಕೆ ಹೊಡೆಯುತ್ತದೆ, ಅದು ಈ ಕೊಳವೆಯಲ್ಲಿ ಕಾಣುವುದಿಲ್ಲ. ಔಷಧಿ ವಿಷಕ್ಕೆ ಅಂಟಿಕೊಂಡಿತು ಅಂದ ಮಾತ್ರಕ್ಕೆ ವಿಷದ ಕೆಲಸ ನಿಂತಿತು ಅಂತಲೂ ಅಲ್ಲ ಅಲ್ವಾ? ಹಾಗಾಗಿ ಮೊದಲು ಕೊಳವೆಯಲ್ಲಿ ಸೋಸಬೇಕು. ಅಲ್ಲಿ ಸೋತ ಔಷಧಿಗಾಗಿ ಒಂದು ಇಲಿಯನ್ನೂ ಮುಟ್ಟಬಾರದು. ಗೆದ್ದದ್ದು ಮಾತ್ರ ಮುಂದೆ ಹೋಗಲಿ, ಅದೂ ನೋವು ನಿವಾರಕ ಕೊಟ್ಟ ಮೇಲೆ.