ನ್ಯೂಜೆರ್ಸಿಯ ಹಿತ್ತಲಿಗೆ ಹಮ್ಮಿಂಗ್‌ಬರ್ಡ್ ಬರಬೇಕಾದರೆ ಯಾವ ಗಿಡಗಳನ್ನು ನೆಡಬೇಕು?

ಮಧ್ಯ ನ್ಯೂಜೆರ್ಸಿಯಲ್ಲಿ ಹೊಸದಾಗಿ ಮನೆ ಮಾಡಿರುವ ತಾವು, ಹಿತ್ತಲಿನಲ್ಲಿ ಕೆಂಪು ಪೆಟೂನಿಯ ಮತ್ತು ಜೆರೇನಿಯಂ ಗಿಡಗಳನ್ನು ಸಾಲಾಗಿ ನೆಟ್ಟರೂ ಹಮ್ಮಿಂಗ್‌ಬರ್ಡ್ ಒಂದೆರಡು ಸಲ ಸುಳಿದು ಹೋಯಿತೇ ಹೊರತು ಮತ್ತೆ ಬರಲಿಲ್ಲ, ಏನು ನೆಟ್ಟರೆ ಅದು ದಿನವೂ ಬಂದೀತು ಎಂದು ಕೇಳಿದ್ದೀರಿ. ಇದೇ ರಾಜ್ಯದಲ್ಲಿ ಹಲವು ವರ್ಷಗಳಿಂದ ಈ ಹಕ್ಕಿಗಾಗಿಯೇ ಗಿಡ ಬೆಳೆಸುತ್ತಿರುವ ನನಗೆ ಮನವರಿಕೆಯಾಗಿರುವುದು ಇಷ್ಟು: ಹೂವಿನ ಬಣ್ಣಕ್ಕಿಂತ ಹೂ ಬಿಡುವ ತಿಂಗಳನ್ನು ನೋಡಿ ಗಿಡ ಆರಿಸಬೇಕು.

ಕೆಂಪು ಬಣ್ಣಕ್ಕೆ ಅರ್ಥವಿಲ್ಲವೆಂದಲ್ಲ. ಜೇನುನೊಣದ ಕಣ್ಣಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ, ಹಕ್ಕಿಯ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಹಾಗಾಗಿ ಉದ್ದ ಕೊಳವೆಯ ಕೆಂಪು ಹೂಗಳಲ್ಲಿ ಮಕರಂದ ಉಳಿದಿರುವುದು ಹೆಚ್ಚು ಎಂಬುದನ್ನು ಹಕ್ಕಿ ಅನುಭವದಿಂದ ಕಲಿಯುತ್ತದೆ. ಆದರೆ ನರ್ಸರಿಯ ಜೆರೇನಿಯಂ ಮತ್ತು ಸುತ್ತು ಸುತ್ತು ಎಸಳಿನ ಪೆಟೂನಿಯಗಳನ್ನು ಮನುಷ್ಯನ ಕಣ್ಣಿಗೆ ಚೆಂದ ಕಾಣಲೆಂದು ಬೆಳೆಸಿದ್ದಾರೆ. ಅವುಗಳಲ್ಲಿ ಮಕರಂದ ಕಡಿಮೆ, ಇದ್ದರೂ ಕೊಕ್ಕಿಗೆ ಎಟಕುವುದು ಕಷ್ಟ. ಯಾವ ಹೂವನ್ನು ಯಾವಾಗ ಹೀರಿದ್ದೆ, ಅದು ಮತ್ತೆ ತುಂಬಲು ಎಷ್ಟು ಹೊತ್ತು ಬೇಕು ಎಂಬುದನ್ನೂ ನೆನಪಿಡಬಲ್ಲ ಹಕ್ಕಿಗೆ ಬರಿದಾದ ಹೂವಿನ ಜಾಗವೂ ನೆನಪಿರುತ್ತದೆ. ಅದು ತಮ್ಮ ಹಿತ್ತಲಿಗೆ ಮರಳದಿರಲು ಕಾರಣ ಇದೇ ಇರಬೇಕು.

ಅಮೆರಿಕದ ಪೂರ್ವ ಭಾಗದಲ್ಲಿ ಗೂಡು ಕಟ್ಟುವ ಹಮ್ಮಿಂಗ್‌ಬರ್ಡ್ ಒಂದೇ ಜಾತಿಯದು, ರೂಬಿ-ಥ್ರೋಟೆಡ್. ಸುಮಾರು 3 ಗ್ರಾಂ ತೂಕದ ಈ ಹಕ್ಕಿ ಚಳಿಗಾಲವನ್ನು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಲ್ಲಿ ಕಳೆದು, ಅನೇಕ ವೇಳೆ ಮೆಕ್ಸಿಕೊ ಕೊಲ್ಲಿಯ ಸುಮಾರು 800 ಕಿಲೋಮೀಟರ್ ನೀರನ್ನು ಎಲ್ಲಿಯೂ ಇಳಿಯದೆ ದಾಟಿ, ಏಪ್ರಿಲ್ ಉತ್ತರಾರ್ಧದಲ್ಲಿ ನಮ್ಮಲ್ಲಿಗೆ ಬರುತ್ತದೆ; ಅಕ್ಟೋಬರ್ ಮೊದಲ ವಾರಗಳ ಹೊತ್ತಿಗೆ ಬಹುತೇಕ ಎಲ್ಲವೂ ಹೊರಟಿರುತ್ತವೆ. ಈ ಐದಾರು ತಿಂಗಳಲ್ಲಿ ಒಂದು ವಾರವೂ ಹೂವಿಲ್ಲದೆ ಇರಬಾರದು.

ಅದು ಬಂದಿಳಿಯುವ ಹೊತ್ತಿಗೆ ಸರಿಯಾಗಿ ಅರಳುವುದು ಇಲ್ಲಿನ ಕಾಡಿನ ಕೊಲಂಬೈನ್, ಅಕ್ವಿಲೀಜಿಯ ಕೆನಡೆನ್ಸಿಸ್. ಕೆಂಪು ಹಳದಿ ಹೂಗಳು ತಲೆಕೆಳಗಾಗಿ ತೂಗುತ್ತವೆ, ಅರೆನೆರಳು ಸಾಕು. ಮೇ ತಿಂಗಳಿಗೆ ಕೋರಲ್ ಹನಿಸಕಲ್ ಬಳ್ಳಿ ಬೇಕು, ಮತ್ತು ಒಂದೇ ಗಿಡಕ್ಕೆ ಜಾಗವಿದೆ ಎಂದಾದರೆ ನಾನು ಇದನ್ನೇ ನೆಡಲು ಹೇಳುತ್ತೇನೆ, ಏಕೆಂದರೆ ಮೇ-ಜೂನ್‌ನಲ್ಲಿ ಗೊಂಚಲು ಗೊಂಚಲಾಗಿ ಅರಳಿದ ಮೇಲೂ ಅದು ಶರತ್ಕಾಲದವರೆಗೆ ಅಲ್ಲೊಂದು ಇಲ್ಲೊಂದು ಹೂ ಬಿಡುತ್ತಲೇ ಇರುತ್ತದೆ. ಕೊಳ್ಳುವಾಗ ಮಾತ್ರ ಲೋನಿಸೆರ ಸೆಂಪರ್‌ವಿರೆನ್ಸ್ ಎಂಬ ಹೆಸರನ್ನು ಓದಿ ನೋಡಿ. ಬಿಳಿ-ಹಳದಿ ಹೂವಿನ, ಘಮಘಮಿಸುವ ಜಪಾನಿ ಹನಿಸಕಲ್ ಇಲ್ಲಿನ ಕಾಡುಗಳನ್ನು ಹಬ್ಬಿ ಹಾಳುಮಾಡುತ್ತಿರುವ ಬಳ್ಳಿ. ಅದನ್ನು ದಯವಿಟ್ಟು ನೆಡಬೇಡಿ. ಸ್ಥಳೀಯ ಬಳ್ಳಿಯಲ್ಲಿ ಹೂಗೊಂಚಲಿನ ಕೆಳಗಿನ ಎಲೆಜೋಡಿ ಒಂದಕ್ಕೊಂದು ಕೂಡಿಕೊಂಡು, ಕಾಂಡವು ಎಲೆಯನ್ನು ತೂರಿಕೊಂಡು ಹೊರಟಂತೆ ಕಾಣುತ್ತದೆ. ಗುರುತಿಗೆ ಇದಕ್ಕಿಂತ ಸುಲಭವಾದ ಲಕ್ಷಣವಿಲ್ಲ.

ಜೂನ್ ಕೊನೆಯಿಂದ ಜುಲೈವರೆಗೆ ಕೆಂಪು ಬೀ ಬಾಮ್ ನಡೆಸುತ್ತದೆ. ಪುದೀನ ಕುಟುಂಬದ ಅದರ ವಾಸನೆಯಿಂದಾಗಿ ಜಿಂಕೆಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಬೂದಿರೋಗ ಬರುತ್ತದೆಯಾದ್ದರಿಂದ ಗಾಳಿಯಾಡುವಂತೆ ನೆಡಿ. ಅದು ಮುಗಿಯುತ್ತಿದ್ದಂತೆ ಕಾರ್ಡಿನಲ್ ಫ್ಲವರ್ ಆರಂಭವಾಗುತ್ತದೆ. ಇದಕ್ಕೆ ಸದಾ ತೇವವಿರುವ ಮಣ್ಣು ಬೇಕು, ಮತ್ತು ಚಳಿಗಾಲದಲ್ಲಿ ನೆಲಕ್ಕಂಟಿ ಹಸಿರಾಗಿಯೇ ಇರುವ ಅದರ ಎಲೆಗಳ ಮೇಲೆ ತರಗೆಲೆಯನ್ನಾಗಲಿ ಮಲ್ಚನ್ನಾಗಲಿ ದಪ್ಪಗೆ ಹೊದಿಸಿದರೆ ಗಿಡ ಕೊಳೆತು ಹೋಗುತ್ತದೆ.

ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಎಲ್ಲಕ್ಕಿಂತ ಮುಖ್ಯವಾದ ಕಾಲ, ಹಾಗೂ ಬಹುಪಾಲು ತೋಟಗಳು ಬರಿದಾಗುವ ಕಾಲ. ದಕ್ಷಿಣಕ್ಕೆ ಹೊರಡುವ ಮೊದಲು ಹಕ್ಕಿ ಕೊಬ್ಬು ಕೂಡಿಸಿಕೊಂಡು ತನ್ನ ತೂಕವನ್ನು ಹೆಚ್ಚುಕಡಿಮೆ ಎರಡರಷ್ಟು ಮಾಡಿಕೊಳ್ಳಬೇಕು. ಆಗ ಅದನ್ನು ಸಾಕುವುದು ಜ್ಯುವೆಲ್‌ವೀಡ್, ತೊರೆಯ ಬದಿಯ ನೆರಳಿನಲ್ಲಿ ತಾನಾಗಿ ಬೆಳೆಯುವ, ಕಳೆಯೆಂದು ಜನ ಕಿತ್ತೆಸೆಯುವ ಗಿಡ. ನಮ್ಮ ಊರಿನ ಕರ್ಣಕುಂಡಲದ ಹತ್ತಿರದ ಸಂಬಂಧಿ ಇದು. ಬಲಿತ ಕಾಯಿಯನ್ನು ಮುಟ್ಟಿದರೆ ಅದೇ ರೀತಿ ಸಿಡಿದು ಬೀಜ ಚಿಮ್ಮಿಸುತ್ತದೆ. ತಮ್ಮ ಬೇಲಿಯಂಚಿನಲ್ಲಿ ಕಿತ್ತಳೆ ಬಣ್ಣದ ಈ ಹೂ ಕಂಡರೆ ಕೀಳದೆ ಬಿಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇನ್ನು ಔಷಧಿ ಸಿಂಪಡಿಸುವ ವಿಷಯ. ಹಮ್ಮಿಂಗ್‌ಬರ್ಡ್ ಮಕರಂದವನ್ನಷ್ಟೇ ಕುಡಿದು ಬದುಕುವುದಿಲ್ಲ. ಪುಟ್ಟ ನೊಣ, ನುಸಿ, ಜೇಡಗಳು ಅದರ ಪ್ರೋಟೀನು, ಮರಿಗಳು ಬೆಳೆಯುವುದೂ ಅವುಗಳಿಂದಲೇ. ತಾಯಿಹಕ್ಕಿ ಒಂಟಿಯಾಗಿ ಕಟ್ಟುವ ಗೂಡನ್ನು ಬಿಗಿದು ಹಿಡಿಯುವುದು ಜೇಡರ ಬಲೆಯ ನೂಲು. ಸೊಳ್ಳೆಗೆಂದು ಹಿತ್ತಲಿಗೆಲ್ಲ ಕೀಟನಾಶಕ ಹೊಡೆಸುವ ಮನೆಯಲ್ಲಿ ಎಷ್ಟು ಹೂವಿದ್ದರೂ ಅದಕ್ಕೆ ಸಂಸಾರ ಹೂಡಲು ಆಗುವುದಿಲ್ಲ.

ಸಕ್ಕರೆ ನೀರಿನ ಫೀಡರ್ ತೂಗುಹಾಕಬಹುದು: 1 ಲೋಟ ಬಿಳಿ ಸಕ್ಕರೆಗೆ 4 ಲೋಟ ನೀರು, ಬಣ್ಣ ಬೇಡ. ಬೆಲ್ಲ ಒಳ್ಳೆಯದೆಂಬ ಭಾವನೆ ನಮ್ಮವರಲ್ಲಿ ಗಟ್ಟಿಯಾಗಿದೆ, ಆದರೆ ಅದರಲ್ಲಿರುವ ಕಬ್ಬಿಣದ ಅಂಶ ಈ ಹಕ್ಕಿಗೆ ಹಾನಿಕರ. ಜೇನುತುಪ್ಪವೂ ಬೇಗ ಬೂಷ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೊಮ್ಮೆ ತೊಳೆಯಲಾಗದವರು ಫೀಡರ್ ಇಡದಿರುವುದೇ ಮೇಲು.

ಮೈಸೂರಿನ ತಂದೆತಾಯಿಯ ಮನೆಯಲ್ಲೂ ಹೀಗೆ ಮಾಡಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಹಮ್ಮಿಂಗ್‌ಬರ್ಡ್‌ಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಮೈಸೂರಿನಲ್ಲಿ ಆ ಕೆಲಸ ಮಾಡುವುದು ಸೂರಕ್ಕಿ. ಅದಕ್ಕೆ ದಾಸವಾಳ, ಕೇಪಳ ಸಾಕು. ಸೂರಕ್ಕಿ ಬಹುಮಟ್ಟಿಗೆ ರೆಂಬೆಯ ಮೇಲೆ ಕುಳಿತು ಹೀರುವುದರಿಂದ ಗಟ್ಟಿ ಕೊಂಬೆಯ ಗಿಡವಿರಬೇಕು. ಇಲ್ಲಿಯದು ಸೆಕೆಂಡಿಗೆ ಸುಮಾರು 50 ಬಾರಿ ರೆಕ್ಕೆ ಬಡಿಯುತ್ತ ಗಾಳಿಯಲ್ಲೇ ನಿಂತು ಹೀರುವುದರಿಂದ ಹೂವಿನ ಸುತ್ತ ತೆರವು ಬಿಡಬೇಕು.

ನೆಡಲು ಸೆಪ್ಟೆಂಬರ್ ಒಳ್ಳೆಯ ತಿಂಗಳು, ಹಿಮ ಬೀಳುವ ಮೊದಲು ಬೇರು ಹಿಡಿಯುತ್ತದೆ. ಜ್ಯುವೆಲ್‌ವೀಡ್ ಬೀಜ ಚಳಿಯನ್ನು ಉಂಡ ಮೇಲೆಯೇ ಮೊಳೆಯುವುದರಿಂದ ಅದನ್ನೂ ಆಗಲೇ ಒದ್ದೆ ಮಣ್ಣಿಗೆ ಚೆಲ್ಲಿ. ಹನಿಸಕಲ್ ಮೊದಲ ವರ್ಷ ಹೂ ಕಡಿಮೆ ಬಿಟ್ಟರೆ ಗಾಬರಿಯಾಗಬೇಡಿ, ಗೊಬ್ಬರವನ್ನೂ ಹೆಚ್ಚು ಹಾಕಬೇಡಿ.