ಲ್ಯಾಬಿಗೆ ಸತ್ತ ಮೀನು ಬೇಡ

ಸಾಕಣೆ ಮೀನುಗಳಿಗೆ ಬರುವ ಬ್ಯಾಕ್ಟೀರಿಯಾ ರೋಗಗಳ ಬಗ್ಗೆ ಬಂದ ನಾಲ್ಕು ಪ್ರಶ್ನೆಗಳಿಗೆ ಈ ಸಲದ ಅಂಕಣದಲ್ಲಿ ಉತ್ತರ.

ಪ್ರಶ್ನೆ: ಅರ್ಧ ಎಕರೆ ಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇವೆ. ಹೊಟ್ಟೆ ಊದಿ, ಹುರುಪೆ ನಿಮಿರಿ, ಮೈಮೇಲೆ ಕೆಂಪು ಚುಕ್ಕೆ ಎದ್ದು ದಿನಕ್ಕೆ ಏಳೆಂಟು ಸಾಯುತ್ತಿವೆ. ಸತ್ತ ಮೀನನ್ನು ಫ್ರೀಜರಿನಲ್ಲಿಟ್ಟು ಮರುದಿನ ಲ್ಯಾಬಿಗೆ ಕೊಟ್ಟೆವು. ‘ಏರೋಮೊನಾಸ್ ಇದೆ’ ಎಂದರು. ಅಂಗಡಿಯವರು ಕೊಟ್ಟ ಆಂಟಿಬಯಾಟಿಕ್ ಮೇವಿಗೆ ಬೆರೆಸಿದೆವು, ಗುಣವಾಗಲಿಲ್ಲ. ಏಕೆ? — ಮದ್ದೂರಿನ ಓದುಗರು

ಆ ವರದಿ ಸುಳ್ಳಲ್ಲ, ಆದರೆ ಉಪಯೋಗಕ್ಕೂ ಬರುವುದಿಲ್ಲ. ಏರೋಮೊನಾಸ್ ಹೊಂಡದ ನೀರಿನಲ್ಲೂ ಆರೋಗ್ಯವಂತ ಮೀನಿನ ಕರುಳಿನಲ್ಲೂ ಸದಾ ಇರುವ ಬ್ಯಾಕ್ಟೀರಿಯಾ. ಮೀನು ಸತ್ತ ಕೆಲವೇ ಗಂಟೆಗಳಲ್ಲಿ ಅದು ಕರುಳು ದಾಟಿ ಮೈಯೆಲ್ಲ ಹರಡುತ್ತದೆ. ಹಾಗಾಗಿ ಯಾವ ಕಾರಣಕ್ಕೆ ಸತ್ತ ಮೀನನ್ನು ಕೊಯ್ದರೂ ಅದು ಸಿಗುತ್ತದೆ. ಫ್ರೀಜರಿನಲ್ಲಿಟ್ಟದ್ದು ಇನ್ನೊಂದು ತಪ್ಪು: ಹೆಪ್ಪುಗಟ್ಟಿದಾಗ ಜೀವಕೋಶಗಳು ಒಡೆಯುತ್ತವೆ, ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡಿ ಏನೂ ಹೇಳಲಾಗದು. ಊದಿದ ಹೊಟ್ಟೆ ರೋಗದ ಹೆಸರಲ್ಲ, ಲಕ್ಷಣ. ಎಡ್ವರ್ಡ್‌ಸಿಯೆಲ್ಲಾ ಎಂಬ ಬೇರೊಂದು ಬ್ಯಾಕ್ಟೀರಿಯಾ ತಗುಲಿದರೂ ಹೊಟ್ಟೆ ಊದಬಹುದು.

ಲ್ಯಾಬಿಗೆ ಬೇಕಾದದ್ದು ನೀರಿನ ಮೇಲೆ ಮಂಕಾಗಿ ತೇಲುವ, ಬಲೆ ಹಾಕಿದರೂ ತಪ್ಪಿಸಿಕೊಳ್ಳದ ಐದಾರು ಜೀವಂತ ಮೀನು. ಹೋಲಿಕೆಗೆ ಚೆನ್ನಾಗಿ ಈಜುವ ಎರಡು ಮೂರು. ಮರಿ ಸಾಗಿಸುವ ಹಾಗೆಯೇ ಎರಡು ಪದರದ ಚೀಲದಲ್ಲಿ ಮೂರನೇ ಒಂದು ಭಾಗ ಹೊಂಡದ ನೀರು, ಉಳಿದದ್ದು ಆಕ್ಸಿಜನ್ ತುಂಬಿಸಿ. ಚೀಲವನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಐಸ್ ಪ್ಯಾಕನ್ನು ಪತ್ರಿಕೆಯಲ್ಲಿ ಸುತ್ತಿ ಪಕ್ಕದಲ್ಲಿಡಿ. ಜೀವಂತ ಒಯ್ಯಲು ಆಗದಿದ್ದರೆ, ಆಗಷ್ಟೇ ಸತ್ತು ಕಿವಿರು ಇನ್ನೂ ಕೆಂಪಾಗಿರುವ ಮೀನನ್ನು ಚೀಲದಲ್ಲಿ ಹಾಕಿ ಪುಡಿ ಐಸಿನ ನಡುವೆ ಇಟ್ಟು ಅದೇ ದಿನ ತಲುಪಿಸಿ. ಕಿವಿರಿನ ಚೂರನ್ನು 95% ಆಲ್ಕೊಹಾಲಿನಲ್ಲೂ, ಮೂತ್ರಪಿಂಡದ ಚೂರನ್ನು ಅದರ ಹತ್ತರಷ್ಟು ಫಾರ್ಮಲಿನ್ ದ್ರಾವಣದಲ್ಲೂ ಇಟ್ಟರೆ ಜೀನ್ ಪರೀಕ್ಷೆಯಾದ ಪಿಸಿಆರ್‌ಗೆ, ಅಂಗಾಂಶ ಪರೀಕ್ಷೆಗೆ ದಾರಿ ತೆರೆದಿರುತ್ತದೆ. ಚೂರು ಅರ್ಧ ಸೆಂಟಿಮೀಟರಿಗಿಂತ ದಪ್ಪವಾದರೆ ದ್ರಾವಣ ಒಳಗಿಳಿಯದೆ ನಡುಭಾಗ ಕೊಳೆಯುತ್ತದೆ.

ಒಂದು ಚೀಟಿ ತಪ್ಪದೆ ಇರಲಿ: ಸೂರ್ಯೋದಯಕ್ಕೆ ಮುನ್ನ ಅಳೆದ ಆಕ್ಸಿಜನ್, ಪಿಎಚ್, ಅಮೋನಿಯಾ, ಬಿಟ್ಟ ಮರಿಗಳ ಸಂಖ್ಯೆ, ದಿನವಾರು ಸಾವು, ಹಾಕಿದ ಔಷಧಿ ಮತ್ತು ಅದರ ದಿನಾಂಕ. ಮಾದರಿ ತೆಗೆಯುವುದು ಔಷಧಿ ಹಾಕುವ ಮೊದಲೇ. ಆಮೇಲೆ ತೆಗೆದರೆ ಬ್ಯಾಕ್ಟೀರಿಯಾ ಬೆಳೆಯದೇ ಹೋಗಬಹುದು.

ಲ್ಯಾಬಿನವರು ಚರ್ಮವನ್ನು 70% ಆಲ್ಕೊಹಾಲಿನಿಂದ ಒರೆಸಿ, ಬೆನ್ನುಮೂಳೆಯ ಕೆಳಗಿನ ಮೂತ್ರಪಿಂಡದಿಂದ ತಂತಿ ಲೂಪಿನಲ್ಲಿ ಮಾದರಿ ತೆಗೆದು 28 ಡಿಗ್ರಿಯಲ್ಲಿ ಬೆಳೆಸುತ್ತಾರೆ. ಹಲವು ಮೀನುಗಳ ಮೂತ್ರಪಿಂಡದಲ್ಲಿ ಒಂದೇ ಬಗೆಯ ಕಾಲೊನಿ ದಟ್ಟವಾಗಿ ಬಂದರೆ ಮಾತ್ರ ‘ರೋಗಕಾರಕ ಇದೇ ಇರಬೇಕು’ ಎನ್ನಬಹುದು. ಹಲವು ಬಗೆ ಕಲಸಿಕೊಂಡಿದ್ದರೆ ಕೊಳೆತದ ಲೆಕ್ಕ.

ಇನ್ನು ಆಂಟಿಬಯಾಟಿಕ್. ಕಾಯಿಲೆಯ ಮೀನು ಮೇವು ಮುಟ್ಟುವುದಿಲ್ಲ, ಔಷಧಿ ತಿಂದದ್ದು ಆರೋಗ್ಯವಾಗಿರುವವು. ನೀವು ಹಾಕಿದ್ದು ಆಕ್ಸಿಟೆಟ್ರಾಸೈಕ್ಲಿನ್ ಆಗಿದ್ದರೆ, ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಅದನ್ನು ಹಿಡಿದಿಟ್ಟು ನಿಷ್ಕ್ರಿಯಗೊಳಿಸುತ್ತವೆ. ವರದಿ ಬರುವವರೆಗೆ ಮೇವು ನಿಲ್ಲಿಸಿ, ರಾತ್ರಿ ಏರೇಟರ್ ಓಡಿಸಿ, ಸತ್ತವನ್ನು ಎತ್ತಿ ಸುಣ್ಣ ಹಾಕಿ ಹೂಳಿ. ಹೊಂಡಕ್ಕೆ ಸುಣ್ಣ ಸುರಿಯುವ ಮುನ್ನ ಮಾತ್ರ ಅಮೋನಿಯಾ ನೋಡಿಕೊಳ್ಳಿ. ಅದು ಹೆಚ್ಚಿದ್ದಾಗ ಸುಣ್ಣದಿಂದ ಪಿಎಚ್ ಏರಿದರೆ ನಿರುಪದ್ರವಿ ಅಮೋನಿಯಂ ವಿಷಕಾರಿ ಅಮೋನಿಯಾ ಆಗಿಬಿಡುತ್ತದೆ. ‘ಏನಾದರಾಗಲಿ, ಒಂದು ಚೀಲ ಸುಣ್ಣ’ ಎಂಬ ಸಲಹೆಗೆ ಬಲಿಯಾದ ಹೊಂಡಗಳು ಕಡಿಮೆಯಿಲ್ಲ.

ಪ್ರಶ್ನೆ: ಎರಡು ಲ್ಯಾಬುಗಳು ಸೇರಿ ಆಂಟಿಬಯಾಟಿಕ್ ಪ್ರತಿರೋಧದ ಅಧ್ಯಯನ ಮಾಡುತ್ತಿದ್ದೇವೆ. ಒಂದೇ ಬ್ಯಾಕ್ಟೀರಿಯಾಕ್ಕೆ ನಮ್ಮ ಪ್ಲೇಟಿನ ವಲಯ (ಔಷಧಿ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಜಾಗ) ಒಂದು ಅಳತೆ, ಅವರದ್ದು ಇನ್ನೊಂದು. ಯಾರದ್ದು ಸರಿ? — ಮೀನುಗಾರಿಕೆ ಸ್ನಾತಕೋತ್ತರ ವಿದ್ಯಾರ್ಥಿ

ಮೊದಲು ಇನ್‌ಕ್ಯುಬೇಟರಿನ ಮೀಟರ್ ನೋಡಿ. ಆಸ್ಪತ್ರೆ ಲ್ಯಾಬಿನ ಅಭ್ಯಾಸದಂತೆ 35 ಡಿಗ್ರಿ ಇಟ್ಟವರದ್ದು ಒಂದು ಫಲಿತಾಂಶ, ಜಲಚರ ಬ್ಯಾಕ್ಟೀರಿಯಾಗಳಿಗೆ ಲ್ಯಾಬ್ ಪರೀಕ್ಷೆಗಳ ಮಾನದಂಡ ರೂಪಿಸುವ ಸಂಸ್ಥೆ ಸಿಎಲ್‌ಎಸ್‌ಐ ಹೇಳುವ 28 ಅಥವಾ 22 ಡಿಗ್ರಿ ಇಟ್ಟವರದ್ದು ಇನ್ನೊಂದು. ಎರಡನ್ನು ಒಂದೇ ಕೋಷ್ಟಕಕ್ಕೆ ಸೇರಿಸುವಂತಿಲ್ಲ. ಆಮೇಲೆ ಬ್ಯಾಕ್ಟೀರಿಯಾ ಬೆಳೆಸುವ ಅಗರಿನ ದಪ್ಪ 4 ಮಿಲಿಮೀಟರ್ ಇದೆಯೇ, ಬ್ಯಾಕ್ಟೀರಿಯಾ ದ್ರಾವಣದ ಮಬ್ಬು 0.5 ಮ್ಯಾಕ್‌ಫಾರ್ಲೆಂಡ್ ಇದೆಯೇ ನೋಡಿ. ಮುಲ್ಲರ್-ಹಿಂಟನ್ ಅಗರಿನಲ್ಲಿ ಮೆಗ್ನೀಸಿಯಂ ಹೆಚ್ಚಿದ್ದರೆ ಟೆಟ್ರಾಸೈಕ್ಲಿನ್ ವಲಯ ಕುಗ್ಗುತ್ತದೆ. ಪ್ರತಿರೋಧವೇ ಇಲ್ಲದ ಕಡೆ ಪ್ರತಿರೋಧ ಕಾಣುತ್ತದೆ. ಪರೀಕ್ಷಿಸುತ್ತಿರುವ ಬ್ಯಾಕ್ಟೀರಿಯಾ ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನೇರ್ ಆಗಿದ್ದರೆ ಪೂರ್ಣ ಬಲದ ಮಾಧ್ಯಮದಲ್ಲಿ ಸರಿಯಾಗಿ ಬೆಳೆಯುವುದೇ ಇಲ್ಲ, ತೆಳುಗೊಳಿಸಿದ್ದು ಬೇಕು.

ಜಗಳ ಬಗೆಹರಿಸಲು ಎರಡೂ ಕಡೆ ಗುಣಮಟ್ಟ ಪರೀಕ್ಷೆಯ ತಳಿಗಳನ್ನು, ಅಂದರೆ ಇ. ಕೋಲಿ ಎಟಿಸಿಸಿ 25922 ಮತ್ತು ಏರೋಮೊನಾಸ್ ಸಾಲ್ಮೊನಿಸಿಡಾ ಎಟಿಸಿಸಿ 33658 ಅನ್ನು ಪ್ರತಿ ಬ್ಯಾಚಿನ ಜೊತೆ ಓಡಿಸಿ. ಅವು ನಿಗದಿತ ವ್ಯಾಪ್ತಿಯೊಳಗೆ ಬರದ ದಿನದ ಪ್ಲೇಟುಗಳನ್ನು ಎಸೆದುಬಿಡಿ. ಬಳಿಕ ಬರೀ ಸಂಕೇತ ಸಂಖ್ಯೆ ಬರೆದ ಐದು ಬ್ಯಾಕ್ಟೀರಿಯಾ ಕಲ್ಚರ್‌ಗಳನ್ನು ಪರಸ್ಪರ ಕಳಿಸಿ ಓದಿ ನೋಡಿ. ಮನುಷ್ಯರ ಚಿಕಿತ್ಸೆಗೆಂದು ನಿಗದಿಯಾದ ವಲಯದ ಮಿತಿಗಳನ್ನು ಮೀನಿನ ಬ್ಯಾಕ್ಟೀರಿಯಾಕ್ಕೆ ಅಂಟಿಸಬೇಡಿ.

ಹೆಸರಿನ ಗೊಂದಲವೂ ಇರಬಹುದು. ಏರೋಮೊನಾಸ್ ಪ್ರಭೇದಗಳನ್ನು 16ಎಸ್ ಜೀನ್ ಸರಿಯಾಗಿ ಬಿಡಿಸದು. ಜೈರ್‌ಬಿ ಅಥವಾ ಆರ್‌ಪಿಒಡಿ ಜೀನ್ ನೋಡಿದಾಗ ‘ಹೈಡ್ರೊಫಿಲಾ’ ಎಂದುಕೊಂಡದ್ದು ವೆರೋನಿ ಆಗಿರುವುದುಂಟು. ಮೀನಿನ ‘ಎಡ್ವರ್ಡ್‌ಸಿಯೆಲ್ಲಾ ಟಾರ್ಡಾ’ ಎಂದು ದಶಕಗಳ ಕಾಲ ಬರೆದಿದ್ದ ಅನೇಕ ತಳಿಗಳು 2013ರಲ್ಲಿ ಹೆಸರಾದ ಎಡ್ವರ್ಡ್‌ಸಿಯೆಲ್ಲಾ ಪಿಸಿಸಿಡಾಕ್ಕೆ ಸೇರಿದವು. ಹಳೆಯ ಪ್ರಬಂಧದೊಂದಿಗೆ ಹೋಲಿಸುವಾಗ ಇದು ನೆನಪಿರಲಿ.

ಪ್ರಶ್ನೆ: ನಾರ್ವೆಯಲ್ಲಿ ಲಸಿಕೆಯಿಂದ ಆಂಟಿಬಯಾಟಿಕ್ ಬಳಕೆ ನಿಂತೇಹೋಯಿತಂತೆ. ಮಂಗಳೂರಿನಲ್ಲೂ ಗೆಂಡೆ ಮೀನಿಗೆ ಲಸಿಕೆ ಮಾಡಿದ್ದರಂತೆ. ನಮ್ಮ ರೈತರ ಕೈಗೆ ಏಕೆ ಬಂದಿಲ್ಲ? — ಶಿವಮೊಗ್ಗದ ಓದುಗರು

ನಿಂತಿಲ್ಲ, ಬಹುತೇಕ ಇಳಿದಿದೆ. 1987ರಲ್ಲಿ ಸುಮಾರು 50 ಟನ್ ಇದ್ದದ್ದು ಮುಂದೆ ಒಂದೆರಡು ಟನ್ನಿಗೂ ಕೆಳಗೆ ಬಂತು, ಅದೂ ಸಾಲ್ಮನ್ ಉತ್ಪಾದನೆ ಹಲವು ಪಟ್ಟು ಏರುತ್ತಿದ್ದಾಗ. ಆದರೆ ಅಲ್ಲಿ ಮುಖ್ಯವಾಗಿ ಒಂದೇ ಮೀನು, ಎದುರಿಸಬೇಕಾದ ಬ್ಯಾಕ್ಟೀರಿಯಾ ಬೆರಳೆಣಿಕೆಯಷ್ಟು, ಒಂದೊಂದು ಮೀನಿಗೂ ಇಂಜೆಕ್ಷನ್ ಕೊಡುವಷ್ಟು ಬೆಲೆ.

ನಮ್ಮ ರೋಹು ಮರಿಗೆ ಸೂಜಿ ಚುಚ್ಚುವ ಕೂಲಿ ಮರಿಯ ಬೆಲೆಯನ್ನೇ ಮೀರುತ್ತದೆ. ಅದಕ್ಕೇ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಕೆ. ಎಂ. ಶಂಕರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಬಾಯಿ ಮೂಲಕ ಕೊಡುವ ದಾರಿ ಹುಡುಕಿದರು. ಏರೋಮೊನಾಸ್ ಹೈಡ್ರೊಫಿಲಾವನ್ನು ಕೈಟಿನ್ (ಸಿಗಡಿ ಚಿಪ್ಪಿನಲ್ಲಿರುವ ವಸ್ತು) ಚೂರುಗಳ ಮೇಲೆ ಜೈವಿಕ ಪೊರೆಯಾಗಿ ಬೆಳೆಸಿ, ಬಿಸಿಯಿಂದ ಕೊಂದು, ಮೇವಿಗೆ ಬೆರೆಸುವ ವಿಧಾನ ಅದು. ಬಿಡಿ ಬ್ಯಾಕ್ಟೀರಿಯಾ ಕರುಳಿನ ರಸದಲ್ಲಿ ಕರಗಿಹೋದರೆ, ಪೊರೆಯ ಅಂಟು ಅದನ್ನು ಕಾಪಾಡಿ ಹಿಂಗರುಳಿನವರೆಗೆ ಒಯ್ಯುತ್ತದೆ. ವಿಜ್ಞಾನ ಗಟ್ಟಿಯಿದೆ. ಕಷ್ಟ ಇರುವುದು ಬೇರೆ ಕಡೆ: ಹೈಡ್ರೊಫಿಲಾದ ಮೇಲ್ಮೈ ಬಗೆಗಳು ಊರಿಂದೂರಿಗೆ ಬದಲಾಗುತ್ತವೆ, ಒಂದು ತಳಿಯ ಲಸಿಕೆ ಇನ್ನೊಂದನ್ನು ತಡೆಯಬೇಕೆಂದಿಲ್ಲ. ಯಾವ ಜಿಲ್ಲೆಯಲ್ಲಿ ಯಾವ ಬಗೆ ಎಂಬ ನಕ್ಷೆ ಬೇಕೆಂದರೆ ಮತ್ತೆ ಹೊಂಡದ ಅಂಚಿನ ಮಾದರಿಗೇ ಬರಬೇಕು. ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಸಂಸ್ಥೆ ಎನ್‌ಬಿಎಫ್‌ಜಿಆರ್ ನಡೆಸುವ ರಾಷ್ಟ್ರೀಯ ಜಲಚರ ರೋಗ ಕಣ್ಗಾವಲು ಯೋಜನೆ 2013ರಿಂದ ಹಲವು ರಾಜ್ಯಗಳ ಲ್ಯಾಬುಗಳನ್ನು ಜೋಡಿಸಿದೆ. ‘ರಿಪೋರ್ಟ್ ಫಿಶ್ ಡಿಸೀಸ್’ ಎಂಬ ಮೊಬೈಲ್ ಆ್ಯಪಿನಲ್ಲಿ ರೈತರೇ ರೋಗದ ಫೋಟೊ, ವಿವರ ಕಳಿಸಬಹುದು.

ಪ್ರಶ್ನೆ: ವಿದೇಶಿ ಸಹಭಾಗಿ ಲ್ಯಾಬಿಗೆ ನಮ್ಮ ಕಲ್ಚರ್ ಕೊರಿಯರ್ ಮಾಡಬಹುದೇ? — ಮಂಗಳೂರಿನ ಸಂಶೋಧಕಿ

ಹಾಗೆ ನೇರವಾಗಿ ಇಲ್ಲ. 2002ರ ಜೈವಿಕ ವೈವಿಧ್ಯ ಕಾಯ್ದೆಯಡಿ ಬ್ಯಾಕ್ಟೀರಿಯಾವೂ ಜೈವಿಕ ಸಂಪನ್ಮೂಲ. ಕೇಂದ್ರ ಸರ್ಕಾರ ಒಪ್ಪಿದ, ಮಾರ್ಗಸೂಚಿಗೆ ಹೊಂದುವ ಸಹಯೋಗ ಯೋಜನೆಗೆ ವಿನಾಯಿತಿ ಇದೆ. ಉಳಿದದ್ದಕ್ಕೆ ಚೆನ್ನೈನ ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಎರಡೂ ಸಂಸ್ಥೆಗಳ ನಡುವೆ ವಸ್ತು ವರ್ಗಾವಣೆ ಒಪ್ಪಂದ ಮೊದಲೇ ಆಗಲಿ. ಯಾರ ಹೆಸರಲ್ಲಿ ಪ್ರಕಟಣೆ, ಮೂರನೆಯವರಿಗೆ ಕೊಡಬಹುದೇ ಎಂಬುದನ್ನು ಅದರಲ್ಲೇ ಬರೆದುಕೊಳ್ಳಿ. ಒಪ್ಪಿಗೆ ಸಿಕ್ಕ ಮೇಲೂ ಮೂರು ಪದರದ ಪ್ಯಾಕಿಂಗ್: ಸೋರದ ಟ್ಯೂಬ್, ಹೀರುವ ಹತ್ತಿಯಿರುವ ಎರಡನೇ ಡಬ್ಬಿ, ಗಟ್ಟಿ ಹೊರಪೆಟ್ಟಿಗೆ. ಅದೇ ತಳಿಯ ಒಂದು ಪ್ರತಿಯನ್ನು ಚಂಡೀಗಢದ ಎಂಟಿಸಿಸಿ ಸೂಕ್ಷ್ಮಜೀವಿ ಸಂಗ್ರಹದಲ್ಲಿ ಠೇವಣಿ ಇಡಿ. ನಿಮ್ಮ ಫ್ರೀಜರ್ ಕೆಟ್ಟ ದಿನ ಅದು ಅಲ್ಲಿರುತ್ತದೆ.