ಸ್ಟಾಂಪ್ ಪೇಪರ್ ಮೇಲಿನ ಸಂಸಾರ

ಹಾಸನದಲ್ಲಿ ಕ್ರಿಮಿನಲ್ ವಕೀಲಿಕೆ ಮಾಡುವ ನನಗೆ ಸಲಿಂಗ ಜೋಡಿಗಳ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಒಂದೇ ಸಲ ಉತ್ತರಿಸಿಬಿಡುತ್ತೇನೆ.

ಪ್ರಶ್ನೆ: ನಾನೂ ಗೆಳತಿಯೂ ಏಳು ವರ್ಷದಿಂದ ಒಟ್ಟಿಗೆ ಸಂಸಾರ ಮಾಡುತ್ತಿದ್ದೇವೆ. ಬೇಲಿ ಜಗಳದಲ್ಲಿ ಪಕ್ಕದ ತೋಟದವರ ಕೈ ಮುರಿದಳೆಂದು ಅವಳ ಮೇಲೆ ಕೇಸಾಗಿದೆ. ಮನೆಯಲ್ಲಿ ಬಚ್ಚಿಟ್ಟರೆ ನನ್ನ ಮೇಲೂ ಕೇಸಾಗುತ್ತಾ? ಗಂಡ-ಹೆಂಡತಿಗೆ ಆಗಲ್ಲವಂತೆ. (ಸಕಲೇಶಪುರ)

ಉತ್ತರ: ಆಗುತ್ತದಮ್ಮ. ಗೊತ್ತಿದ್ದೂ, ಶಿಕ್ಷೆ ತಪ್ಪಿಸಲೆಂದು ಆಶ್ರಯ ಕೊಟ್ಟರೆ ಐಪಿಸಿ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 249ನೇ ಕಲಂ ಬೀಳುತ್ತದೆ. ಬರಿಗೈಲಿ ಮೂಳೆ ಮುರಿದದ್ದಕ್ಕೆ ಗರಿಷ್ಠ 7 ವರ್ಷ. ಬಚ್ಚಿಟ್ಟವರಿಗೆ ಅದರ ಕಾಲು ಭಾಗ, 1 ವರ್ಷ 9 ತಿಂಗಳವರೆಗೆ. ನೀವು ಕೇಳಿರುವ ವಿನಾಯಿತಿ ಅದೇ ಕಲಂನಲ್ಲಿದೆ. ಹಳೇ ಐಪಿಸಿಯಲ್ಲಿ ‘ಗಂಡ ಅಥವಾ ಹೆಂಡತಿ’ ಎಂದಿತ್ತು, 2024ರ ಜುಲೈ 1ರಿಂದ ಅದು ‘ಸ್ಪೌಸ್’ (ವಿವಾಹ ಸಂಗಾತಿ) ಆಗಿದೆ. ಗಂಡು-ಹೆಣ್ಣು ಎಂಬ ಮಾತು ಹೋಯಿತಲ್ಲ, ನಮಗೂ ಸಿಕ್ಕಿತು ಎಂದು ಹಿಗ್ಗಬೇಡಿ. ಸ್ಪೌಸ್ ಆಗಲು ಕಾನೂನು ಒಪ್ಪಿದ ಮದುವೆ ಬೇಕು. ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ. ನಿನ್ನೆ ತಾಳಿ ಕಟ್ಟಿದವನಿಗೆ ಇರುವ ರಕ್ಷಣೆ ಏಳು ವರ್ಷ ಒಂದೇ ಒಲೆಯಲ್ಲಿ ಬೇಯಿಸಿ ತಿಂದ ನಿಮಗಿಲ್ಲ. ನನ್ನನ್ನು ಕೇಳಿದರೆ ಇದು ಅನ್ಯಾಯವೇ. ಆದರೆ ಅದನ್ನು ಸರಿಮಾಡಿಸಲು ನಿಮ್ಮ ಕೇಸನ್ನು ಪಣಕ್ಕಿಡಲಾರೆ.

ಮೊನ್ನೆ ಒಂದು ಜೋಡಿ ‘ಜೀವನ ಸಂಗಾತಿ ಕರಾರು’ ಹಿಡಿದು ಬಂದಿತ್ತು. ಸ್ಟಾಂಪ್ ಪೇಪರು, ನೋಟರಿ ಸೀಲು, ಮೇಲೆ ಲ್ಯಾಮಿನೇಷನ್ ಬೇರೆ. ಬರೆದುಕೊಟ್ಟವನು ‘ಇದು ಮದುವೆಗೆ ಸಮ’ ಎಂದು ಐದು ಸಾವಿರ ಕಿತ್ತಿದ್ದ. ಈ ಕಲಂ ಮುಂದೆ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಅಷ್ಟಕ್ಕೂ ಬಚ್ಚಿಡೋದು ಯಾಕೆ? ಬರಿಗೈಲಿ ಮುರಿದ ಕೇಸಾದರೆ ಠಾಣೆಯಲ್ಲೇ ಜಾಮೀನು ಸಿಗುತ್ತದೆ. ಕತ್ತಿ ಬೀಸಿದ ಆರೋಪ ಇದ್ದರೆ ನಾಳೆಯೇ ಸೆಷನ್ಸ್ ಕೋರ್ಟಿನಲ್ಲಿ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಿಸಿ. ಮತ್ತೆ, ವಾಟ್ಸಾಪಿನಲ್ಲಿ ಕೇಸಿನ ಮಾತು ಬೇಡ. ಮದುವೆಯಾದವರ ನಡುವಿನ ಮಾತಿಗೆ ಸಾಕ್ಷ್ಯ ಕಾನೂನಿನ 128ನೇ ಕಲಂ ಕಾವಲಿದೆ, ನಿಮ್ಮದಕ್ಕಿಲ್ಲ.

ಪ್ರಶ್ನೆ: ಸಂಗಾತಿಗೆ ಹೊಡೆಯಲು ಬಂದವನನ್ನು ತಡೆಯಬಹುದಾ? (ಬೇಲೂರು)

ಉತ್ತರ: ಧಾರಾಳವಾಗಿ. ಆತ್ಮರಕ್ಷಣೆಯ ಹಕ್ಕು ಕೊಡುವ ನ್ಯಾಯ ಸಂಹಿತೆಯ 35ನೇ ಕಲಂ ‘ಬೇರೆ ಯಾರದೇ ದೇಹ’ ಎಂದೂ ಸೇರಿಸುತ್ತದೆ, ಸಂಬಂಧ ಕೇಳುವುದಿಲ್ಲ. ತಡೆಯಲು ಬೇಕಾದ್ದಕ್ಕಿಂತ ಜಾಸ್ತಿ ಹೊಡೆಯಬೇಡಿ, ಅಷ್ಟೇ.

ಪ್ರಶ್ನೆ: ನಾನು ಗಂಡಸು. ಒಬ್ಬ ಹುಡುಗ ನನ್ನನ್ನು ಪ್ರೀತಿಸುತ್ತೇನೆಂದ, ಸಿಟ್ಟು ಬಂದು ಹೊಡೆದೆ. ಪ್ರಚೋದನೆ ಅಂತ ವಾದಿಸಬಹುದಲ್ವಾ? (ಅರಸೀಕೆರೆ)

ಉತ್ತರ: ಹುಡುಗಿ ಹಾಗೆಂದಿದ್ದರೆ ಹೊಡೆಯುತ್ತಿದ್ದಿರಾ? ನಾನಂತೂ ಆ ವಾದ ಹಿಡಿದು ಜಡ್ಜ್ ಮುಂದೆ ನಿಲ್ಲುವುದಿಲ್ಲ.

ಪ್ರಶ್ನೆ: 377 ಇನ್ನೂ ಇದೆಯಾ? (ಚನ್ನರಾಯಪಟ್ಟಣ)

ಉತ್ತರ: ಸಲಿಂಗ ಕೂಡಿಕೆಯನ್ನು ಅಪರಾಧ ಎನ್ನುತ್ತಿದ್ದ ಐಪಿಸಿಯ ಆ ಕಲಂ, ಒಪ್ಪಿ ಕೂಡಿದ ವಯಸ್ಕರ ಮಟ್ಟಿಗೆ, ಸುಪ್ರೀಂ ಕೋರ್ಟ್ ತೀರ್ಪಿನಿಂದ 2018ರ ಸೆಪ್ಟೆಂಬರ್ 6ಕ್ಕೇ ಮುಗಿಯಿತು. ಹೊಸ ಸಂಹಿತೆಯಲ್ಲಿ ಆ ಕಲಮೇ ಇಲ್ಲ.